ನೆಟ್ಟಗಣ್ಣ ಕಟ್ಟಿದ ಮೂರು ಸಾವಿರ ವರ್ಷದ ಬದು

ಬೇಸಗೆ ಮುಗಿಯುತ್ತ ಬಂದಿತ್ತು. ಎರಡು ದಿನದ ಹಿಂದೆ ಬಿದ್ದ ಒಂದು ಹದ ಮಳೆಗೆ ನೆಲ ಮೇಲುಮೇಲೆ ಮೆತ್ತಗಾಗಿ, ಗುದ್ದಲಿ ಇಳಿಸಿದರೆ ಕಲ್ಲಿಗೆ ಹೊಡೆದಂತಲ್ಲದೆ ಮಣ್ಣಿಗೆ ಹೊಡೆದಂತೆಯೇ ಸದ್ದು ಬರುತ್ತಿತ್ತು. ನಿಜವಾದ ಮಳೆಗಾಲಕ್ಕೆ ಇನ್ನೂ ತಿಂಗಳ ಮೇಲೆ ಕೆಲವು ದಿನ ಉಳಿದಿದ್ದವು. ಇಂಥ ಹೊತ್ತಿನಲ್ಲಿ ಕಂದಕದ ಅಂಚಿಗೆ ಹೊಲವಿದ್ದವರೆಲ್ಲ ಮಾಡುವ ಕೆಲಸ ಒಂದೇ. ಕಂದಕಕ್ಕೆ ಇಳಿಯುವುದು, ಹೋದ ವರ್ಷದ ನೀರು ತಂದು ಕೂರಿಸಿದ ಹೂಳನ್ನು ಕೆತ್ತಿ ಬುಟ್ಟಿಗೆ ತುಂಬುವುದು, ಪಕ್ಕದ ಬದುವಿನ ಮೇಲೆ ಸುರಿದು ದಿಮ್ಮಸಿನಿಂದ ಬಡಿದು ಕೂರಿಸುವುದು.

ಬದು ಎಂದರೆ ಎರಡು ಹೊಲಗಳ ನಡುವೆ ಇರುವ ಮೊಣಕಾಲೆತ್ತರದ ಬದುವಲ್ಲ. ಒಂದಾಳಿಗಿಂತ ಎತ್ತರ, ಮೇಲೆ ಇಬ್ಬರು ಹೆಗಲಿಗೆ ಹೆಗಲು ಕೊಟ್ಟು ನಡೆಯುವಷ್ಟು ಅಗಲ. ಪಡುವಣ ಗುಡ್ಡದ ಬುಡದಲ್ಲಿ ಶುರುವಾಗಿ, ನಾಲ್ಕು ಊರಿನ ಹೊಲಗಳನ್ನು ಸೀಳಿಕೊಂಡು, ಮೂಡಣ ಹಳ್ಳದಲ್ಲಿ ಹೋಗಿ ಮುಗಿಯುತ್ತಿತ್ತು. ಯಾರು ಕಟ್ಟಿದ್ದು, ಯಾಕೆ ಕಟ್ಟಿದ್ದು ಎಂದು ಊರಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಹುಡುಕುವ ಕೆಲಸವೊಂದು ಹೆಚ್ಚಾಗುತ್ತದೆ, ಇರುವ ಕೆಲಸವೇ ಸಾಕಾಗಿದೆ ಎನ್ನುವುದು ಊರಿನ ಒಟ್ಟು ಅಭಿಪ್ರಾಯ. ಗುಡ್ಡದ ನೀರು ಕಂದಕಕ್ಕೆ ಬೀಳುತ್ತದೆ, ಕಂದಕ ಅದನ್ನು ಹಳ್ಳಕ್ಕೆ ಸಾಗಹಾಕುತ್ತದೆ, ಕೆಳಗಿನ ಹೊಲಗಳಿಗೆ ನುಗ್ಗದಂತೆ ಬದು ತಡೆಯುತ್ತದೆ. ಬದುಕುವುದಕ್ಕೆ ಇಷ್ಟು ತಿಳಿದರೆ ಸಾಕು.

ಆ ದಿನ ಕಂದಕದಲ್ಲಿ ಸೊಂಟಮಟ್ಟ ಇಳಿದಿದ್ದವನು ನೆಟ್ಟಗಣ್ಣ. ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಜಮೀನಿನ ಕಾಗದದಲ್ಲಿ ಯಾರ ಕಾಟವೂ ಇಲ್ಲದೆ ಸುಖವಾಗಿತ್ತು. ಯಾವ ಮಾತಿಗೂ ಮೊದಲು ‘ನೆಟ್ಟಗೆ ಹೇಳಿಬಿಡ್ತೀನಿ’ ಎಂದು ಪೀಠಿಕೆ ಹಾಕಿ, ಆಮೇಲೆ ಆ ಮಾತನ್ನು ಊರೆಲ್ಲ ಸುತ್ತಿಸಿ ಹೊರಟ ಜಾಗಕ್ಕೇ ತಂದು ನಿಲ್ಲಿಸುವುದು ಅವನ ಅಭ್ಯಾಸವಾದ್ದರಿಂದ ಜನ ಆ ಹೆಸರು ಕಟ್ಟಿದ್ದರು. ಕಂದಕದ ಮೇಲುಬದಿಯಲ್ಲಿ ಅವನಿಗೆ ಒಂದೂವರೆ ಎಕರೆ ಇತ್ತು. ಅವನಿಗಿದ್ದದ್ದೂ ಅಷ್ಟೇ. ಪ್ರತಿ ಮಳೆಗಾಲಕ್ಕೂ ಅದರಲ್ಲಿ ಮೆಕ್ಕೆಜೋಳ ಹಾಕುತ್ತಿದ್ದ.

ಬದುವಿನ ಕೆಳಬದಿಯಲ್ಲಿ ಅವನ ಹೆಂಡತಿಯ ಅಣ್ಣನ ಈರುಳ್ಳಿ ಹೊಲ. ಈ ಭಾವ ದಿನಾ ಮಧ್ಯಾಹ್ನ ಊಟ ಮುಗಿಸಿ, ಬದು ಹತ್ತಿ ಕುಳಿತು, ಕೆಳಗೆ ದುಡಿಯುವ ನೆಟ್ಟಗಣ್ಣನಿಗೆ ಸಲಹೆ ಕೊಡುತ್ತಿದ್ದ. ಊಟ ಅರಗುವುದಕ್ಕೆ ಅವನಿಗೆ ಇಷ್ಟು ಬೇಕಿತ್ತು.

"ಬಲಗಡೆ ಡೊಂಕು ಬಂತಲ್ಲಪ್ಪ."

"ಡೊಂಕು ಬದುವಿಂದಲ್ಲ ಭಾವ, ನೀನು ಕೂತಿರೋ ರೀತಿಯಿಂದ."

"ಏನೋಪ್ಪ. ನಾನು ಹುಡುಗನಾಗಿದ್ದಾಗಿಂದ ನೋಡ್ತಿದೀನಿ. ನಿನ್ನ ಕೈಯಲ್ಲಿ ಕಟ್ಟಿದ್ದು ಅಂತ ಒಂದಾದರೂ ನೆಟ್ಟಗೆ ನಿಂತಿದ್ಯಾ? ದನದ ಕೊಟ್ಟಿಗೆ ಕಟ್ಟಿದೆ, ದನಾನೇ ಒಳಗೆ ಹೋಗಲ್ಲ ಅಂತು."

ಭಾವನ ಹಿಂದೆ, ಬದುವಿನ ಮೇಲೆ, ಅಷ್ಟು ಹೊತ್ತಿಗೆ ಇಬ್ಬರು ಬಂದು ನಿಂತರು. ಒಬ್ಬರು ಪಟ್ಟಣದ ಪುರಾತತ್ವ ಕಚೇರಿಯ ಸಾಹೇಬರು, ಒಗೆದು ಇಸ್ತ್ರಿ ಮಾಡಿದ ಟೋಪಿ ಹಾಕಿದ್ದರು. ಇನ್ನೊಬ್ಬಳು ಕನ್ನಡಕದ ಹುಡುಗಿ, ಹೆಗಲಿಗೆ ಚೀಲ, ಕೈಯಲ್ಲಿ ಬಣ್ಣ ಬಳಿಯುವಂಥ ಒಂದು ಬ್ರಶ್ಶು. ಮುಂದೆ ಊರವರು ಅವಳನ್ನು ಬ್ರಶ್ಶಿನ ಮೇಡಂ ಎಂದೇ ಕರೆದರು. ಸಾಹೇಬರು ಬದುವಿನ ಉದ್ದಕ್ಕೂ ಕಣ್ಣಾಡಿಸಿ, ಶಾಲೆಯಲ್ಲಿ ಮೇಷ್ಟ್ರು ತಾವೇ ಉತ್ತರ ಹೇಳುವುದಕ್ಕೆಂದು ಪ್ರಶ್ನೆ ಕೇಳುತ್ತಾರಲ್ಲ, ಹಾಗೆ ಕೇಳಿದರು.

"ಇದನ್ನ ಯಾರು ಕಟ್ಟಿದ್ದು, ಗೊತ್ತೇನಯ್ಯಾ?"

ಬೇರೆ ದಿನವಾಗಿದ್ದರೆ ನೆಟ್ಟಗಣ್ಣ ಗೊತ್ತಿಲ್ಲ ಸಾರ್ ಎಂದು ಹಣೆ ಒರೆಸಿಕೊಳ್ಳುತ್ತಿದ್ದ. ಆದರೆ ಭಾವನ ಕೊಟ್ಟಿಗೆಯ ಮಾತು ಇನ್ನೂ ಗಾಳಿಯಲ್ಲಿತ್ತು. ನೆಟ್ಟಗಣ್ಣ ಗುದ್ದಲಿಯನ್ನು ನೆಲಕ್ಕೂರಿ, ಬೆನ್ನು ಎಷ್ಟು ನೆಟ್ಟಗಾಗುತ್ತಿತ್ತೋ ಅಷ್ಟು ಮಾಡಿದ.

"ನೆಟ್ಟಗೆ ಹೇಳಿಬಿಡ್ತೀನಿ ಸಾರ್. ನಾನೇ."

"ನೀನೇ?"

"ನಾನೇ. ಅಲ್ಲಿ ಆ ಕಲ್ಲು ಕಾಣುತ್ತಲ್ಲ, ಅಲ್ಲಿಂದ ಈ ಬೇಲಿ ತನಕ. ಯಾರನ್ನ ಬೇಕಾದ್ರೂ ಕೇಳಿ. ಈ ಭಾವನ್ನ ಬಿಟ್ಟು."

ಸಾಹೇಬರು ಬ್ರಶ್ಶಿನ ಮೇಡಂ ಮುಖ ನೋಡಿದರು. ಅವಳು ತುಟಿ ಕಚ್ಚಿಕೊಂಡು ಗುಡ್ಡದ ಕಡೆ ನೋಡಿದಳು. ಸಾಹೇಬರು ಅವಳ ಚೀಲದಿಂದ ಕಾಗದ ತೆಗೆದು ಏನೋ ಬರೆದು, "ಹೇಳಿದ್ದು ನಿಜ ತಾನೆ? ಹಾಗಾದ್ರೆ ಇಲ್ಲೊಂದು ರುಜು ಹಾಕು" ಎಂದರು. ನೆಟ್ಟಗಣ್ಣ ಕೈ ಒರೆಸಿಕೊಂಡು, ಭಾವನಿಗೆ ಕಾಣುವ ಹಾಗೆ ಕಾಗದವನ್ನು ತಿರುಗಿಸಿಕೊಂಡು, ಎಷ್ಟೋ ವರ್ಷದ ಮೇಲೆ ತನ್ನ ಹೆಸರನ್ನು ಪೂರ್ತಿಯಾಗಿ ಬರೆದ. ಕೆಳಗೊಂದು ಗೆರೆಯನ್ನೂ ಎಳೆದ. ಆ ಗೆರೆ ಮಾತ್ರ ನಿಜಕ್ಕೂ ನೆಟ್ಟಗೆ ಬಂದಿತ್ತು.

ನೋಟೀಸು ಬಂದದ್ದು ಹತ್ತು ದಿನದ ಮೇಲೆ, ಕ್ಷೌರದಂಗಡಿಗೆ. ಅಂಚೆಯವನು ಮನೆಯ ತನಕ ಹೋಗಲು ಬೇಸರಪಟ್ಟು, ಅರ್ಧ ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕುಳಿತಿದ್ದ ನೆಟ್ಟಗಣ್ಣನ ಮಡಿಲಿಗೇ ಲಕೋಟೆ ಹಾಕಿದ. ಕನ್ನಡಕ ಮನೆಯಲ್ಲಿತ್ತು. ಕ್ಷೌರದವನು ಕತ್ತಿಯನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈಯಲ್ಲಿ ಕಾಗದ ಹಿಡಿದು, ಬೆಂಚಿನ ಮೇಲೆ ಕುಳಿತ ನಾಲ್ವರಿಗೂ ಕೇಳುವಂತೆ ಓದತೊಡಗಿದ.

"ಸದರಿ ಮಣ್ಣಿನ ಏರಿಯು ಇತಿಹಾಸಪೂರ್ವ ಕಾಲಕ್ಕೆ ಸೇರಿದ, ಸುಮಾರು ಮೂರು ಸಾವಿರ ವರ್ಷ ಹಳೆಯದಾದ ಗಡಿ ಸ್ಮಾರಕವಾಗಿದ್ದು…"

ಅವನು ಓದು ನಿಲ್ಲಿಸಿ, ಗಿರಾಕಿಯ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಮೂರು ಸಾವಿರ. ನಿಮ್ಮ ಚರ್ಮ ನೋಡಿದ್ರೆ ಅಷ್ಟು ಹೇಳಕ್ಕಾಗಲ್ಲ ಬಿಡಿ."

"ಮುಂದೆ ಓದಪ್ಪ."

"‘ಅದನ್ನು ತಾವೇ ಕಟ್ಟಿರುವುದಾಗಿ ತಾವು ಲಿಖಿತವಾಗಿ ಒಪ್ಪಿಕೊಂಡಿರುತ್ತೀರಿ.’ ಅಣ್ಣ, ಒಂದು ಮಾತು ಕೇಳ್ತೀನಿ, ಆಗೆಲ್ಲ ಗಡ್ಡ ಯಾರು ಮಾಡ್ತಿದ್ರು ನಿಮಗೆ?"

ಬೆಂಚಿನವರು ನಕ್ಕರು. ಒಬ್ಬನಂತೂ ನೆಟ್ಟಗಣ್ಣನ ಕಾಲಿಗೆ ಬೀಳಲು ಎದ್ದ, ಇಷ್ಟು ಹಿರಿಯರು ಊರಲ್ಲೇ ಇದ್ದೂ ತನಗೆ ಗೊತ್ತಾಗಲಿಲ್ಲವಲ್ಲ ಎಂದು. ಆದರೆ ಕ್ಷೌರದವನು ಮುಂದಿನ ಸಾಲು ಓದುತ್ತಿದ್ದಂತೆ ಅವನ ದನಿ ತಾನಾಗಿಯೇ ತಗ್ಗಿತು. ಸ್ಮಾರಕದ ಮೇಲೆ ಅನಧಿಕೃತವಾಗಿ ಹಾಕಿರುವ ಮಣ್ಣನ್ನೆಲ್ಲ ಮೂವತ್ತು ದಿನದೊಳಗೆ ತಾವೇ ತೆರವುಗೊಳಿಸಿ ಸ್ಥಳದಿಂದ ಸಾಗಿಸಿ, ಏರಿಯನ್ನು ಮೂಲಸ್ಥಿತಿಗೆ ತರತಕ್ಕದ್ದು. ತಪ್ಪಿದಲ್ಲಿ ಏರಿಗೆ ತಾಗಿದ ತಮ್ಮ ಒಂದೂವರೆ ಎಕರೆಯಲ್ಲಿ ಸಾಗುವಳಿಯನ್ನು ಶಾಶ್ವತವಾಗಿ ನಿಷೇಧಿಸಲಾಗುವುದು.

ಬೆಂಚಿನ ಮೇಲೆ ಯಾರೂ ನಗಲಿಲ್ಲ. ಅವರಲ್ಲಿ ಇಬ್ಬರಿಗೆ ಕಂದಕದ ಅಂಚಿಗೇ ಹೊಲವಿತ್ತು, ಅವರೂ ಆ ವಾರವೆಲ್ಲ ಹೂಳು ಎತ್ತಿ ಬದುವಿಗೆ ಹಾಕಿದವರೇ.

ನೆಟ್ಟಗಣ್ಣ ಒಂದು ಕೆನ್ನೆ ಬೋಳಿಸಿಕೊಂಡು ಇನ್ನೊಂದನ್ನು ಹಾಗೇ ಬಿಟ್ಟು ಮನೆಗೆ ಬಂದ. ಹೆಂಡತಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಕಾಗದವನ್ನು ಎರಡು ಸಲ ಓದಿದಳು. ಅವನು ಬೈಗುಳಕ್ಕೆ ತಯಾರಾಗಿ ಬಾಗಿಲ ಬಳಿಯೇ ನಿಂತಿದ್ದ.

"ನೀವು ಕಟ್ಟಿದ್ದು ಅಂತ ಬರ್ಕೊಟ್ರಾ?"

"ಅದು ಏನಾಯ್ತು ಅಂದ್ರೆ, ನೆಟ್ಟಗೆ ಹೇಳಿಬಿಡ್ತೀನಿ…"

"ನೆಟ್ಟಗೆ ನಾನು ಹೇಳ್ತೀನಿ. ಇಪ್ಪತ್ತೆರಡು ವರ್ಷದಿಂದ ಬುಟ್ಟಿ ಹೊತ್ತೋಳು ಯಾರು?"

"ನೀನು."

"ದಿಮ್ಮಸು ಬಡಿದೋಳು?"

"ಅರ್ಧ ನೀನು."

"ಮತ್ತೆ ಇದರಲ್ಲಿ ನನ್ನ ಹೆಸರೆಲ್ಲಿ?"

ಗಂಡನಿಗೆ ಈ ತೊಂದರೆ ಬರುತ್ತದೆಂದು ಹೊಳೆದಿರಲಿಲ್ಲ. ಅವಳು ಜರಡಿಯನ್ನು ಮೊಳೆಗೆ ತೂಗುಹಾಕಿ, ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಪಟ್ಟಣಕ್ಕೆ ಹೋಗುವುದು, ಅಷ್ಟರೊಳಗೆ ಆ ಇನ್ನೊಂದು ಕೆನ್ನೆಗೊಂದು ಗತಿ ಕಾಣಿಸುವುದು ಎಂದು ತೀರ್ಪು ಕೊಟ್ಟಳು.

ಪುರಾತತ್ವ ಕಚೇರಿ ಒಂದು ಔಷಧಿ ಅಂಗಡಿಯ ಮಹಡಿ ಮೇಲಿತ್ತು. ಗೋಡೆಯುದ್ದಕ್ಕೂ ಒಡೆದ ಮಡಕೆಯ ಚೂರುಗಳಿಗೆ ನಂಬರು ಬರೆದು ಜೋಡಿಸಿದ್ದರು. ಹೆಂಡತಿ ಅವನ್ನು ನೋಡಿ, ನಮ್ಮನೆ ಹಿತ್ತಲಲ್ಲಿ ಇದಕ್ಕಿಂತ ಒಳ್ಳೇ ಚೂರುಗಳಿವೆ ಎಂದು ಗಂಡನ ಕಿವಿಯಲ್ಲಿ ಹೇಳಿದಳು. ಮೇಜಿನ ಹಿಂದೆ ಗುಮಾಸ್ತರು ಚಹಾದ ಲೋಟಕ್ಕೆ ಕಾಗದ ಮುಚ್ಚಿ ಕುಳಿತಿದ್ದರು.

"ಸಾರ್, ಈ ನೋಟೀಸಲ್ಲಿ ನನ್ನ ಹೆಸರು ಬಿಟ್ಟೋಗಿದೆ. ಸೇರಿಸಿಕೊಡಿ."

ಗುಮಾಸ್ತರು ಆ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕಳೆದಿದ್ದರು. ನೋಟೀಸಿನಿಂದ ಹೆಸರು ತೆಗೆಸಲು ಅಳುತ್ತ ಬಂದವರನ್ನು, ಬೆದರಿಸುತ್ತ ಬಂದವರನ್ನು ನೋಡಿದ್ದರು. ಸೇರಿಸಿಕೊಳ್ಳಿ ಎಂದು ಬಂದವಳು ಇವಳೇ ಮೊದಲು. ಅವರು ಎರಡು ಕಪಾಟು ಹುಡುಕಿ, ಅದಕ್ಕೆ ಫಾರಂ ಇಲ್ಲಮ್ಮ ಎಂದರು.

"ಫಾರಂ ಇಲ್ಲ ಅಂತ ನಾನು ಹೊತ್ತಿಲ್ಲ ಅಂತಾಯ್ತಾ?"

ಗಲಾಟೆ ಕೇಳಿ ಸಾಹೇಬರು ಒಳಗಿನ ಕೋಣೆಯಿಂದ ಬಂದರು. ಕೆಟ್ಟ ಮನುಷ್ಯರೇನಲ್ಲ ಅವರು. ನೆಟ್ಟಗಣ್ಣನನ್ನು ಕೂರಿಸಿದರು, ಒಂದು ಬರೆದಿಟ್ಟ ಕಾಗದ ಮುಂದಿಟ್ಟರು.

"ನೋಡಯ್ಯಾ, ನೀನೇನೋ ಬಾಯಿ ತಪ್ಪಿ ಅಂದೆ. ಇದಕ್ಕೊಂದು ರುಜು ಹಾಕು, ನೋಟೀಸು ವಾಪಸ್ ತಗೊಂತೀವಿ. ‘ನಾನು ಏರಿಯನ್ನು ಕಟ್ಟಿಲ್ಲ, ಹಿಂದೆ ಮುಟ್ಟಿಲ್ಲ, ಮುಂದೆ ಮುಟ್ಟುವುದಿಲ್ಲ.’ ಅಷ್ಟೇ."

"ಕಂದಕದ ಹೂಳು?"

"ಅದನ್ನೂ ಮುಟ್ಟೋ ಹಾಗಿಲ್ಲ. ಕಂದಕಾನೂ ಸ್ಮಾರಕವೇ."

"ಮುಟ್ಟದೇ ಇದ್ರೆ ಎರಡು ಮಳೆಗಾಲಕ್ಕೆ ಕಂದಕ ಮುಚ್ಚಿಹೋಗುತ್ತೆ ಸಾರ್. ಗುಡ್ಡದ ನೀರೆಲ್ಲ ನನ್ನ ಹೊಲದಲ್ಲೇ ನಿಲ್ಲುತ್ತೆ. ಆಮೇಲೆ ನಾನು ಮೆಕ್ಕೆಜೋಳ ಅಲ್ಲ, ಮೀನು ಸಾಕಬೇಕಾಗುತ್ತೆ."

"ಅದು ನೀರಾವರಿಯವರ ವಿಷಯ."

ನೆಟ್ಟಗಣ್ಣ ಕಾಗದವನ್ನು ನೋಡಿದ. ರುಜು ಹಾಕಿದರೆ ಹೊಲ ನೀರಿಗೆ ಹೋಗುತ್ತದೆ, ಹಾಕದಿದ್ದರೆ ಸರ್ಕಾರಕ್ಕೆ ಹೋಗುತ್ತದೆ. ಇಷ್ಟು ಸರಳವಾದ ಲೆಕ್ಕ ಅವನ ಮುಂದೆ ಯಾವತ್ತೂ ಬಂದಿರಲಿಲ್ಲ. ಬಹುಶಃ ಅದಕ್ಕೇ ಅವನಿಗೆ ಗೊಂದಲವಾಗಲಿಲ್ಲ.

"ಮುಟ್ಟಿಲ್ಲ ಅಂತ ಬರೆಯಲ್ಲ ಸಾರ್. ನಮ್ಮಪ್ಪ ಮುಟ್ಟಿದಾನೆ, ಅವರಪ್ಪ ಮುಟ್ಟಿದಾನೆ. ಇವಳು ಬುಟ್ಟಿ ಹೊತ್ತು ಹೊತ್ತು ನೆತ್ತಿ ಮೇಲೆ ಕೂದಲು ಹೋಗಿದೆ, ಬೇಕಾದ್ರೆ ನೋಡಿ."

"ತೋರ್ಸೋದೇನೂ ಬೇಡ" ಎಂದಳು ಹೆಂಡತಿ.

"ಹಾಗಾದ್ರೆ ಹಾಕಿದ ಮಣ್ಣು ತೆಗೀಬೇಕಾಗುತ್ತೆ" ಎಂದರು ಸಾಹೇಬರು.

"ತೆಗೀತೀನಿ."

ಸಾಹೇಬರು ಈ ಉತ್ತರಕ್ಕೆ ತಯಾರಿರಲಿಲ್ಲ.

"ನೋಟೀಸಲ್ಲಿ ಏನು ಬರೆದಿದ್ದೀರೋ ಹಾಗೇ ಮಾಡ್ತೀನಿ. ನಮ್ಮನೆಯೋರು ಹಾಕಿದ್ದನ್ನ ನಾನು ತೆಗೀತೀನಿ, ಆ ಮೂರು ಸಾವಿರ ವರ್ಷದೋರು ಹಾಕಿದ್ದನ್ನ ನಿಮಗೆ ಬಿಡ್ತೀನಿ. ನೀವು ಖುದ್ದಾಗಿ ಬಂದು ನಿಂತು, ಯಾವ ಮಣ್ಣು ಯಾರದು ಅಂತ ನೋಡ್ಕೊಳ್ಳಿ. ಆಮೇಲೆ ಹೆಚ್ಚುಕಮ್ಮಿ ಅನ್ನಬಾರದು."

ಸಾಹೇಬರಿಗೆ ಅದು ಶರಣಾಗತಿಯಂತೆ ಕೇಳಿಸಿತು. ಖುಷಿಯಿಂದ ಮೂವತ್ತನೆಯ ದಿನವನ್ನೇ ಗೊತ್ತುಮಾಡಿ, ಗುಮಾಸ್ತರಿಗೆ ಡೈರಿಯಲ್ಲಿ ಬರೆಯಲು ಹೇಳಿದರು.

ಊರಿಗೆ ಸುದ್ದಿ ಬಸ್ಸಿಗಿಂತ ಮೊದಲೇ ತಲುಪಿತ್ತು. ಭಾವ ಅಂಗಳದಲ್ಲಿ ಕಾದು ಕುಳಿತಿದ್ದ.

"ಏನಪ್ಪಾ, ಬದು ಕಡಿಯೋಕೆ ಒಪ್ಕೊಂಡು ಬಂದ್ಯಂತೆ. ಬದುವಿನ ಕೆಳಗೆ ನನ್ನ ಹೊಲ ಇದೆ ಅನ್ನೋದು ಮರೆತೋಯ್ತಾ? ಈರುಳ್ಳಿ ಗಡ್ಡೆ ಕಟ್ಟಿದೆ. ಒಂದು ದಿನ ನೀರು ನಿಂತ್ರೆ ಕೊಳೆತು ನಾರುತ್ತೆ."

"ನಾನು ಕಟ್ಟಿದ್ದೇನೂ ನಿಲ್ಲಲ್ಲ ಅಂತಿದ್ಯಲ್ಲ ಭಾವ. ನಿಲ್ಲದೇ ಇರೋದನ್ನ ಕಡಿದ್ರೆ ನಿನಗೇನು ನಷ್ಟ?"

ಭಾವ ತಂಗಿಯ ಕಡೆ ತಿರುಗಿದ. "ಇವನಿಗೆ ಸ್ವಲ್ಪ ಬುದ್ಧಿ ಹೇಳಮ್ಮ."

"ನನ್ನ ಹೆಸರು ಹಾಕೋ ತನಕ ನಾನು ಯಾರಿಗೂ ಏನೂ ಹೇಳಲ್ಲ ಅಣ್ಣ" ಎಂದು ಅವಳು ಒಳಗೆ ಹೋದಳು.

ಮುಂದಿನ ದಿನಗಳಲ್ಲಿ ಊರಿನವರು ಒಬ್ಬೊಬ್ಬರಾಗಿ ಬಂದು ಬುದ್ಧಿ ಹೇಳಿದರು. ತಪ್ಪಾಯ್ತು ಅಂದುಬಿಡು ಎಂದವರೇ ಹೆಚ್ಚು. ನೆಟ್ಟಗಣ್ಣ ಎಲ್ಲರಿಗೂ ಒಂದೇ ಪ್ರಶ್ನೆ ಹಾಕಿದ: "ನೀನು ಈ ವರ್ಷ ನಿನ್ನ ಬದುವಿಗೆ ಎಷ್ಟು ಬುಟ್ಟಿ ಹಾಕಿದೆ?" ಕಂದಕದ ಅಂಚಿನವರು ಲೆಕ್ಕ ಹೇಳುವುದಕ್ಕೆ ಹೋಗಿ, ಅರ್ಧಕ್ಕೆ ನಿಲ್ಲಿಸಿ, ಆಚೀಚೆ ನೋಡಿ, ನಾವೂ ಬರ್ತೀವಿ ಬಿಡು ಎಂದರು.

ಮೂವತ್ತನೆಯ ದಿನ ಮೋಡ ಕಟ್ಟಿತ್ತು. ಬೆಳಿಗ್ಗೆ ಎಂಟಕ್ಕೆ ಬದುವಿನ ಬಳಿ ಒಂಬತ್ತು ಗುದ್ದಲಿ, ಒಂದು ಟ್ರ್ಯಾಕ್ಟರು, ಮತ್ತು ಅರ್ಧ ಊರು ಸೇರಿತ್ತು. ಕ್ಷೌರದವನು ಅಂಗಡಿ ಮುಚ್ಚಿ ಬಂದಿದ್ದ. ಅಂಗಡಿ ಮುಂದಿನ ಗುಂಡಿಗೆ ಎರಡು ಗಾಡಿ ಮಣ್ಣು ಅವನಿಗೆ ಬೇಕಿತ್ತು. ಸ್ಥಳದಿಂದ ಸಾಗಿಸಬೇಕು ಎಂದು ನೋಟೀಸಿನಲ್ಲೇ ಇದ್ದದ್ದರಿಂದ ಯಾರ ತಕರಾರೂ ಇರಲಿಲ್ಲ. ಸಾಹೇಬರು ಕೊಡೆ ಹಿಡಿದು, ಗುಮಾಸ್ತರು ನಿಯಮದ ಪುಸ್ತಕ ಹಿಡಿದು, ಮೇಡಂ ಬ್ರಶ್ಶು ಹಿಡಿದು ನಿಂತರು.

ನೆಟ್ಟಗಣ್ಣ ಬದುವಿನ ನೆತ್ತಿಯ ಮೇಲೆ ಎರಡು ಮೊಳ ಅಗಲಕ್ಕೆ ಗೆರೆ ಎಳೆದು ಮೊದಲ ಗುದ್ದಲಿ ಹಾಕಿದ.

"ಇದು ಈ ವರ್ಷದ್ದು. ನೀವು ನೋಡ್ತಾ ಇದ್ದಾಗ ಹಾಕಿದ್ದು, ಅದರಲ್ಲಿ ಅನುಮಾನ ಇಲ್ಲ."

ಮಣ್ಣು ಗಾಡಿಗೆ ಹೋಯಿತು.

"ಇದು ಹೋದ ವರ್ಷದ್ದು, ಕಪ್ಪಗಿದೆ ನೋಡಿ, ಗುಡ್ಡದಲ್ಲಿ ಬೆಂಕಿ ಬಿದ್ದಿತ್ತು. ಇದು ನನ್ನ ಕಾಲು ಮುರಿದ ವರ್ಷ. ಇದನ್ನ ಭಾವ ಹಾಕಿದ್ದು. ಸಡಿಲ ಇದೆ, ಬಡಿದೇ ಇಲ್ಲ."

"ಬಡಿದಿದೀನಿ" ಎಂದ ಭಾವ ಕೆಳಗಿನಿಂದ.

"ಬಡಿದಿದ್ರೆ ಗುದ್ದಲಿ ಹೀಗೆ ಇಳೀತಿತ್ತಾ? ಸಾರ್, ಇದನ್ನ ಬೇರೆ ಗಾಡಿಗೆ ಹಾಕಿ. ಇದು ನಮ್ಮನೇದಲ್ಲ."

ಹೊತ್ತು ಏರಿದಂತೆ ಬದುವಿನಲ್ಲಿ ಕಡಿದ ಕೊಯ್ತ ಆಳವಾಯಿತು. ಎದೆಮಟ್ಟಕ್ಕೆ ಇಳಿದಾಗ ಅಪ್ಪನ ಮಣ್ಣು ಮುಗಿದು ಅಜ್ಜನದು ಬಂತು ಎಂದು ನೆಟ್ಟಗಣ್ಣ ಸಾರಿದ. ಅಜ್ಜನ ಮಣ್ಣಿನಲ್ಲಿ ಬೆಣಚುಕಲ್ಲು ಹೆಚ್ಚು, ಆತ ಮಣ್ಣನ್ನು ಜರಡಿ ಹಿಡಿಯದೆ ಸುರಿಯುತ್ತಿದ್ದ, ಮುಂಗೋಪಿ. ಬ್ರಶ್ಶಿನ ಮೇಡಂ ಕೊಯ್ತದೊಳಗೆ ಇಳಿದು, ಕುಕ್ಕರುಗಾಲಲ್ಲಿ ಕುಳಿತು, ಕಡಿದ ಗೋಡೆಯನ್ನು ಬ್ರಶ್ಶಿನಿಂದ ಸವರತೊಡಗಿದಳು. ಅವಳ ಕನ್ನಡಕ ಮೂಗಿನ ತುದಿಗೆ ಬಂದಿತ್ತು. ಕೆಳಗೆ, ಇನ್ನೂ ಕೆಳಗೆ ಸವರುತ್ತ ಹೋದಳು.

ಮಧ್ಯಾಹ್ನದ ಹೊತ್ತಿಗೆ ಸಾಹೇಬರ ಮುಖದ ಬಣ್ಣ ಬದಲಾಗಿತ್ತು. ಸ್ಮಾರಕದ ಆಚೆಗೆ ನಿಂತ ಭಾವನ ಕಾಲು ಸ್ಮಾರಕದ ಈಚೆಯಿಂದಲೇ ಕಾಣುತ್ತಿತ್ತು.

"ಸಾಕು ನಿಲ್ಸಯ್ಯಾ. ಎಷ್ಟಂತ ತೆಗೀತೀಯ?"

"ನಮ್ಮದು ಇನ್ನೂ ಮುಗಿದಿಲ್ಲ ಸಾರ್. ಅಜ್ಜನ ಅಪ್ಪ ಬಾಕಿ ಇದ್ದಾನೆ."

"ಹಳೇ ಕಾಲದ್ದು ಎಲ್ಲಿಂದ ಶುರು?" ಸಾಹೇಬರು ಮೇಡಂಗೆ ಕೇಳಿದರು. "ಅಲ್ಲಿಗೆ ಗುರುತು ಹಾಕಮ್ಮ, ಮೂಲಸ್ಥಿತಿ ಅಂತ ಅದನ್ನೇ ಬರೆಯೋಣ."

ಮೇಡಂ ಮೇಲೆ ನೋಡಿದಳು.

"ಗುರುತು ಹಾಕೋಕೆ ಜಾಗ ಇಲ್ಲ ಸಾರ್. ಮೇಲಿಂದ ಕೆಳಗಿನ ತನಕ ಒಂದೇ ಥರ ಇದೆ. ಒಂದು ಬೆರಳು ಹೂಳು, ಅದರ ಮೇಲೆ ಬಡಿದ ಗುರುತು, ಮತ್ತೆ ಒಂದು ಬೆರಳು ಹೂಳು. ಇವರಜ್ಜ ಎಲ್ಲಿ ಮುಗಿದ, ಅವರು ಎಲ್ಲಿ ಶುರುವಾದ್ರು ಹೇಳೋಕಾಗ್ತಿಲ್ಲ. ಯಾರೂ ಇದನ್ನ ಒಂದು ಸಲ ಕಟ್ಟಿ ಬಿಟ್ಟು ಹೋಗಿಲ್ಲ. ಮಳೆ ಕೊಚ್ಚಿಕೊಂಡು ಹೋದಷ್ಟನ್ನ ವರ್ಷ ವರ್ಷ ಕಂದಕದಿಂದ ಎತ್ತಿ ಹಾಕ್ತಾನೇ ಬಂದಿದ್ದಾರೆ."

"ಮತ್ತೆ ಮೂಲಸ್ಥಿತಿ?"

"ಮೂಲಸ್ಥಿತಿ ಅಂದ್ರೆ ಬರೀ ನೆಲ, ಸಾರ್."

ಬದುವಿನ ಮೇಲೆ ನಿಂತವರಿಗೆ ಇದು ಪೂರ್ತಿ ಅರ್ಥವಾಗಲಿಲ್ಲ. ಸಾಹೇಬರು ಕೊಡೆ ಮಡಿಸಿದ್ದು ನೋಡಿ, ಮಾತು ತಮ್ಮ ಕಡೆಗೇ ವಾಲಿದೆ ಎಂದಷ್ಟು ತಿಳಿದುಕೊಂಡರು. "ನೆಟ್ಟಗೇ ಹೇಳಿದ್ನಲ್ಲ ಸಾರ್" ಎಂದ ನೆಟ್ಟಗಣ್ಣ.

ಆಗ ಗುಡ್ಡದ ಮೇಲೆ ಗುಡುಗಿತು. ಗುಡ್ಡದ ನೆತ್ತಿ ಕಾಣದಾಗಿ, ಬೂದಿ ಬಣ್ಣದ ಪರದೆಯೊಂದು ಇಳಿಯತೊಡಗಿತು. ಗುಡ್ಡದಲ್ಲಿ ಬಿದ್ದ ಮಳೆ ಕಂದಕಕ್ಕೆ ಬರಲು ಒಂದು ಗಂಟೆ ಸಾಕೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಸಾಹೇಬರೊಬ್ಬರನ್ನು ಬಿಟ್ಟು. ಬದುವಿನಲ್ಲಿ ಬಾಗಿಲಿನಷ್ಟು ದೊಡ್ಡ ಸಂದು. ಸಂದಿನಾಚೆ ಇನ್ನೆಂಟು ದಿನಕ್ಕೆ ಕೀಳುವಂತಿದ್ದ ಈರುಳ್ಳಿ.

"ಮುಚ್ಚಪ್ಪಾ ಬೇಗ" ಎಂದ ಭಾವ.

ನೆಟ್ಟಗಣ್ಣ ಗುದ್ದಲಿಯನ್ನು ಪಕ್ಕಕ್ಕಿಟ್ಟು, ಕಂದಕದ ದಡದಲ್ಲಿ ಕುಳಿತು, ಜೇಬಿನಿಂದ ನೋಟೀಸು ತೆಗೆದು ಮಂಡಿಯ ಮೇಲೆ ಹರವಿದ.

"ಮಣ್ಣು ಹಾಕೋ ಹಾಗಿಲ್ಲ ಭಾವ. ಹಾಕಿದ್ರೆ ಅನಧಿಕೃತ ಆಗುತ್ತೆ. ಹೊಲ ಹೋಗುತ್ತೆ."

"ನಾನು ಹೇಳ್ತಿದೀನಲ್ಲ, ಮುಚ್ಚು" ಎಂದರು ಸಾಹೇಬರು.

"ಬರೆದುಕೊಡಿ."

ಸಾಹೇಬರು ಮೇಲಿನ ಕಚೇರಿಗೆ ಫೋನು ಮಾಡಿದರು. ಅಲ್ಲಿಯವರು ಇನ್ನೊಬ್ಬರಿಗೆ ಕೊಟ್ಟರು. ಇನ್ನೊಬ್ಬರು ಊಟಕ್ಕೆ ಹೋಗಿದ್ದರು. ಮೂರನೆಯವರು ಸಿಕ್ಕಿ, ಸ್ಮಾರಕದಲ್ಲಿ ಸಂದು ಹೇಗೆ ಬಂತು ಎಂದು ಕೇಳಿದರು. ನೋಟೀಸಿನಿಂದ ಎಂದರು ಸಾಹೇಬರು. ನೋಟೀಸು ಯಾರು ಕೊಟ್ಟಿದ್ದು ಎಂದು ಅವರು ಕೇಳಿದಾಗ ಸಾಹೇಬರು ಫೋನು ಇಟ್ಟರು. ಕಂದಕದ ತಳದಲ್ಲಿ ಬೆರಳ ದಪ್ಪದ ನೀರೊಂದು ಕಸಕಡ್ಡಿ ತಳ್ಳಿಕೊಂಡು ಬಂದು, ಸಂದಿನ ಮುಂದೆ ನಿಂತು, ಒಳಗೆ ಹೋಗಲೋ ಬೇಡವೋ ಎಂದು ಯೋಚಿಸುವಂತೆ ತಿರುಗಿತು.

ಗುಮಾಸ್ತರು ನಿಯಮದ ಪುಸ್ತಕ ತಿರುವಿದರು. "ಸಿಕ್ತು ಸಾರ್. ‘ಅಧಿಕೃತ ಅಧಿಕಾರಿಯು ಸ್ವತಃ ತನ್ನ ಕೈಯಾರೆ ಮಾಡಿದ ಹೊರತು, ಬೇರೆ ಯಾರೂ ಸ್ಮಾರಕಕ್ಕೆ ಮಣ್ಣು ಸೇರಿಸತಕ್ಕದ್ದಲ್ಲ.’"

"ಇಲ್ಲಿ ಅಧಿಕೃತ ಅಧಿಕಾರಿ ಯಾರು?" ಎಂದು ಕೇಳಿದಳು ನೆಟ್ಟಗಣ್ಣನ ಹೆಂಡತಿ.

ಅರ್ಧ ಊರು ಸಾಹೇಬರ ಬೂಟು ನೋಡಿತು.

ಸಾಹೇಬರು ಬೂಟು ಬಿಚ್ಚಿದರು.

ತೆಗೆದ ಮಣ್ಣು ಅಷ್ಟು ಹೊತ್ತಿಗೆ ಊರಿನ ಗುಂಡಿಗಳಲ್ಲಿ ಸೇರಿತ್ತು. ಕಂದಕದಲ್ಲಿ ನೀರು ಬರತೊಡಗಿದ್ದರಿಂದ ಅದನ್ನು ದಾಟಿ ನೆಟ್ಟಗಣ್ಣನ ಹೊಲದಿಂದ ಹೊರುವಂತಿರಲಿಲ್ಲ, ಹತ್ತಿರದಲ್ಲಿದ್ದದ್ದು ಭಾವನ ಹೊಲದ ಮಣ್ಣೊಂದೇ. ಭಾವ ಒಂದು ಕ್ಷಣ ತನ್ನ ಈರುಳ್ಳಿ ಸಾಲನ್ನು, ಒಂದು ಕ್ಷಣ ಗುಡ್ಡವನ್ನು ನೋಡಿ, "ಮೇಲಿನ ಎರಡು ಸಾಲು ತಗೊಳ್ಳಿ. ಆದರೆ ಸಾಲ ಅಂತ ತಗೊಳ್ಳಿ. ದಾನ ಅಲ್ಲ" ಎಂದ. ವಾಪಸ್ ಕೊಡಿಸ್ತೀನಿ, ಬರೆದುಕೊಡ್ತೀನಿ, ಬೇಗ ಅಗೀರಿ ಎಂದು ಸಾಹೇಬರು ಆ ಗಡಿಬಿಡಿಯಲ್ಲೇ ಗುಮಾಸ್ತರ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು ರುಜು ಹಾಕಿದರು.

ಹೊಲದಿಂದ ಬದುವಿನ ತನಕ ಜನ ಸಾಲು ನಿಂತರು. ಬುಟ್ಟಿ ಕೈಯಿಂದ ಕೈಗೆ ಸಾಗಿ ಕ್ಷೌರದವನ ಕೈಗೆ, ಅಲ್ಲಿಂದ ಗುಮಾಸ್ತರ ಕೈಗೆ, ಕೊನೆಗೆ ಸಾಹೇಬರ ಕೈಗೆ. ಸುರಿಯುವವರು ಅವರೊಬ್ಬರೇ, ಅಧಿಕೃತವಾಗಿ. ಭಾವ ಪಕ್ಕದಲ್ಲಿ ನಿಂತು ಪ್ರತಿ ಬುಟ್ಟಿಯನ್ನೂ ಎಣಿಸಿದ. ಮಳೆ ಹನಿ ಶುರುವಾಯಿತು.

"ಸೊಂಟ ಬಗ್ಗಿಸಿ ಸಾರ್, ಬೆನ್ನಲ್ಲ" ಎಂದು ನೆಟ್ಟಗಣ್ಣನ ಹೆಂಡತಿ ಪಾಠ ಹೇಳಿದಳು. "ಮಣ್ಣನ್ನ ಎಸೀಬೇಡಿ, ಮಗು ಮಲಗಿಸಿದ ಹಾಗೆ ಹಾಕಿ. ಹ್ಞಾಂ. ಈಗ ಬಡೀರಿ."

ಸಾಹೇಬರು ದಿಮ್ಮಸು ಎತ್ತಿ ಬಡಿದರು. ಮೊದಲ ಏಟು ಸ್ವಂತ ಕಾಲಿನ ಪಕ್ಕ ಬಿತ್ತು. ಹತ್ತನೆಯದು ಬೀಳಬೇಕಾದಲ್ಲಿ ಬಿತ್ತು. ನೂರಾ ನಲವತ್ತನೆಯ ಬುಟ್ಟಿಯ ಹೊತ್ತಿಗೆ ಸಂದಿನಲ್ಲಿ ಮಣ್ಣು ಎದೆಮಟ್ಟಕ್ಕೆ ಏರಿತ್ತು, ಅವರ ಟೋಪಿ ಎಲ್ಲೋ ಮಣ್ಣಿನೊಳಗೆ ಹೋಗಿತ್ತು. ಗುಡ್ಡದ ನೀರು ಕೆಂಪಗೆ, ಸದ್ದು ಮಾಡಿಕೊಂಡು ಬಂದು ಹೊಸ ಮಣ್ಣಿಗೆ ಡಿಕ್ಕಿ ಹೊಡೆಯಿತು. ಆಚೆಗೆ ಒಂದೆರಡು ಕಡೆ ಜಿನುಗಿತು, ಅಷ್ಟೇ. ನೀರು ಸ್ವಲ್ಪ ಹೊತ್ತು ಗೊಣಗಿ, ಹಳ್ಳದ ದಾರಿ ಹಿಡಿಯಿತು.

"ಬಲಗಡೆ ಡೊಂಕು ಬಂತು" ಎಂದ ಭಾವ.

"ಎಲ್ಲಿ?" ಎಂದು ಸಾಹೇಬರು ದಿಮ್ಮಸು ಹಿಡಿದೇ ತಿರುಗಿದ್ದು ನೋಡಿ ಅವನು ಖಾಲಿ ಬುಟ್ಟಿ ಜೋಡಿಸಲು ಹೋದ.

ನೋಟೀಸಿಗೆ ಏನಾಯಿತು ಎಂದು ಕೇಳಿದರೆ ಏನೂ ಆಗಲಿಲ್ಲ. ಅದನ್ನು ಜಾರಿ ಮಾಡಬೇಕಾದರೆ, ಆ ಬದುವಿಗೆ ಕೊನೆಯದಾಗಿ ಮಣ್ಣು ಹಾಕಿದವರ ಮೇಲೂ ಜಾರಿ ಮಾಡಬೇಕಿತ್ತು. ಮಳೆಗಾಲ ಕಳೆದು, ಮೆಕ್ಕೆಜೋಳ ಮನೆಗೆ ಬಂದು, ಮತ್ತೊಂದು ಬೇಸಗೆ ಮುಗಿಯುವ ಹೊತ್ತಿಗೆ ಕಚೇರಿಯಿಂದ ಹೊಸ ಕಾಗದವೊಂದು ಬಂತು: ಕಂದಕದ ಅಂಚಿನವರು ವಾಡಿಕೆಯಂತೆ ಹೂಳೆತ್ತಬಹುದು, ಎತ್ತುವವರ ಹೆಸರುಗಳನ್ನು ಇದರೊಂದಿಗಿನ ಫಾರಂನಲ್ಲಿ ತುಂಬತಕ್ಕದ್ದು. ಫಾರಂನ ಮೊದಲ ಸಾಲನ್ನು ಯಾರು ತುಂಬಿದರೆಂದು ಬೇರೆ ಹೇಳಬೇಕಾಗಿಲ್ಲ. ನೆಟ್ಟಗಣ್ಣನ ಹೆಸರು ಎರಡನೆಯ ಸಾಲಿನಲ್ಲಿತ್ತು.

ಉಳಿದದ್ದು ಭಾವನ ನೂರಾ ನಲವತ್ತು ಬುಟ್ಟಿ. ಭಾವ ತಿಂಗಳಿಗೊಂದು ಅರ್ಜಿ ಬರೆದ. ಕಚೇರಿಯವರು ಮೊದಲು, ಮಣ್ಣು ಕೊಡಲು ತಮ್ಮಲ್ಲಿ ಅವಕಾಶವಿಲ್ಲ ಎಂದರು. ಆಮೇಲೆ, ಮಣ್ಣಿನ ಬದಲು ದುಡ್ಡು ಕೊಡಬಹುದು ಎಂದರು. ಭಾವ, ತಾನು ಕೊಟ್ಟದ್ದು ಮಣ್ಣು, ತನಗೆ ಬೇಕಾದದ್ದು ಮಣ್ಣು ಎಂದು ಬರೆದ.

ಹೊಸ ಹೂಳು ಎತ್ತುವ ಮೊದಲ ದಿನ ನೆಟ್ಟಗಣ್ಣನಿಗೆ ಇದೆಲ್ಲ ಯಾಕೋ ಸರಿ ಕಾಣಲಿಲ್ಲ. ಒಳ್ಳೆಯ ಕಪ್ಪು ಹೂಳನ್ನು ಬುಟ್ಟಿ ತುಂಬಿಕೊಂಡು ಬದು ಹತ್ತಿ, ಆ ಕಡೆ ಇಳಿದು, ಭಾವನ ಮೇಲುಸಾಲಿನ ಗುಂಡಿಗೆ ಸುರಿಯಲು ಹೋದ.

"ಏನಿದು?" ಎಂದ ಭಾವ.

"ನಿನ್ನ ಮಣ್ಣು. ಒಂದು. ಇನ್ನು ನೂರಾ ಮೂವತ್ತೊಂಬತ್ತು. ಎಂಟು ದಿನದಲ್ಲಿ ತೀರಿಸಿಬಿಡ್ತೀನಿ, ಆ ಸಾಹೇಬರ ಹಿಂದೆ ಯಾಕೆ ಅಲೀತೀಯ?"

ಭಾವ ಬುಟ್ಟಿಯ ಅಂಚು ಹಿಡಿದು ತಡೆದ.

"ಹುಚ್ಚಪ್ಪ. ನೀನು ತೀರಿಸಿದ್ರೆ ಸರ್ಕಾರ ನನಗೆ ಕೊಡಬೇಕಾದ ಸಾಲ ಮುಗಿದೋಗುತ್ತೆ. ಈಗ ಆ ಬದುವಿನಲ್ಲಿ ನನ್ನ ನೂರಾ ನಲವತ್ತು ಬುಟ್ಟಿ ಇದೆ, ಸರ್ಕಾರದ ರುಜು ನನ್ನ ಪೆಟ್ಟಿಗೇಲಿದೆ. ಅದನ್ನ ವಾಪಸ್ ಕೊಡೋ ತನಕ, ‘ಬದು ನಮ್ಮದು, ಮುಟ್ಟಬೇಡಿ, ಹೊಲ ಬಿಡಿ’ ಅಂತ ಯಾವನಾದರೂ ಇಲ್ಲಿಗೆ ಬರಲಿ ನೋಡೋಣ. ಈ ಬುಟ್ಟಿ ಎತ್ಕೊಂಡು ಹೋಗಿ ನಿನ್ನ ಕಡೆ ಹಾಕು."

ನೆಟ್ಟಗಣ್ಣ ಬುಟ್ಟಿಯನ್ನು ಮತ್ತೆ ತಲೆಗೇರಿಸಿಕೊಂಡು ಬದು ಹತ್ತಿದ. ಹೆಂಡತಿ ದಿಮ್ಮಸು ಹಿಡಿದು ಕಾಯುತ್ತಿದ್ದಳು.